ದ್ಯಾವಪ್ಪನ ಗಂಟಲು

ಚುನಾವಣೆ ಹೊತ್ತಲ್ಲಿ ಎರಡು ಪಾರ್ಟಿಯವರು ಹೊಡೆದಾಡಿಕೊಂಡಾಗ, ಶಿಡ್ಲಘಟ್ಟದಲ್ಲಿ ನಾನು ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಶೀಟೆಲ್ಲ ಕಲ್ಲೇಟಿಗೆ ಪುಡಿಯಾಯಿತು. ಕಲ್ಲು ಹೊಡೆದವರು ಜೈಲಿಗೆ ಹೋದರು. ಅವರ ಜೊತೆ ನಿಂತು ಬರೀ ಘೋಷಣೆ ಕೂಗಿದ್ದ ದಿಬ್ಬೂರಹಳ್ಳಿಯ ದ್ಯಾವಪ್ಪನನ್ನು ಮಾತ್ರ ಜಡ್ಜಮ್ಮ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಟ್ಟರು. ಅವನನ್ನೂ ಒಳಗೆ ಹಾಕಿ ಅಂತ ಕೇಳಿಕೊಂಡಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಮೊನ್ನೆ ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಒಂದು ರಾಶಿ ಇಷ್ಟವಾಗಿ ತಲೆಯೆತ್ತಿದರೆ, ಗೂಡು ತಂದವನು ಅವನೇ.

"ನಾನು ಕಲ್ಲು ಮುಟ್ಲಿಲ್ಲ ಭಾಯ್," ಅಂದ, ನಾನು ಕೇಳುವ ಮೊದಲೇ.

"ನೀನು ಹಂಗೆ ಅರಚದಿದ್ರೆ ಅವರಿಗೆ ಕಲ್ಲೆತ್ತೋ ಧೈರ್ಯ ಎಲ್ಲಿಂದ ಬರ್ತಿತ್ತಪ್ಪ?"

ಅವನು ರಾಶಿಯಿಂದ ಜಾರಿದ ಗೂಡುಗಳನ್ನು ಒಳಗೆ ತಳ್ಳಿದ. "ಅದೂ ನಿಜಾನೇ."

ಹೀಗೆ ಒಪ್ಪಿಕೊಂಡುಬಿಟ್ಟವನ ಹತ್ತಿರ ಜಗಳ ಆಡೋದಾದರೂ ಹೇಗೆ? ಮುಖ ತಿರುಗಿಸಿ, ಒಂದು ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗಿನ ಹುಳ ಹದಕ್ಕೆ ಬಂದಿದೆಯಾ ಅಂತ ನಾವು ಸದ್ದಿನಲ್ಲೇ ತಿಳಿಯೋದು. ಆಗ ಕಣ್ಣು ತಾನಾಗೇ ಮುಚ್ಚುತ್ತೆ, ಬೇರೇನೂ ಕೇಳಿಸಲ್ಲ. ಹಿಂದಿನಿಂದ ಟೆಂಪೋ ರಿವರ್ಸ್ ಬರುತ್ತಿದ್ದದ್ದೂ ಕೇಳಿಸಲಿಲ್ಲ.

"ಏಯ್, ನಿಲ್ಸೋ!"

ದ್ಯಾವಪ್ಪ ಅರಚಿದ್ದಕ್ಕೆ ಟೆಂಪೋ ಏನು, ಇಡೀ ಮಾರ್ಕೆಟ್ಟೇ ನಿಂತಿತು. ಗಾಡಿಯ ಹಿಂಬದಿ ಆಗಲೇ ನನ್ನ ಅಂಗಿಗೆ ತಾಗಿತ್ತು.

ಶೀಟಿನ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ. ಆದರೂ ಆ ಜಡ್ಜಮ್ಮ ಎಲ್ಲಿದ್ದರೂ ತಣ್ಣಗಿರಲಿ. ಅವರೇನಾದರೂ ನನ್ನ ಮಾತು ಕೇಳಿದ್ದಿದ್ದರೆ ಆ ಗಂಟಲು ಅವತ್ತು ಜೈಲಲ್ಲಿರುತ್ತಿತ್ತು, ನಾನು ಟೆಂಪೋ ಕೆಳಗೆ.