ಟೈಲರಕ್ಕನಿಗೆ ಮೊದಲು ಗೊತ್ತಾಗಿತ್ತು

ಟೈಲರಕ್ಕನ ಕೆಳತುಟಿಯ ಬಲ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಚಿಕ್ಕ ಗುಳಿಯೊಂದು ಬಿದ್ದಿತ್ತು. ಮೂವತ್ತು ವರ್ಷ ಗುಂಡುಪಿನ್ನುಗಳನ್ನು ಅದೇ ಜಾಗದಲ್ಲಿ ಕಚ್ಚಿಕೊಂಡು ರವಿಕೆ ಹೊಲಿದಿದ್ದರಿಂದ ಆದ ಗುರುತು. ಪಿನ್ನು ಬಾಯಲ್ಲಿದ್ದಾಗ ಎಡಗಡೆಯಿಂದ ಮಾತ್ರ ಮಾತಾಡುತ್ತಿದ್ದರು. ಮುಖ್ಯವಾದದ್ದು ಹೇಳಬೇಕಾದರೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಎಡಗೈಗೆ ಕಟ್ಟಿದ ಬಟ್ಟೆಯ ಉಂಡೆಗೆ ಚುಚ್ಚಿ, ಆಮೇಲೆ ಬಾಯಿ ತೆರೆಯುವರು. ಅಷ್ಟು ಹೊತ್ತು ಎದುರಿಗಿದ್ದವರು ಕಾಯಲೇಬೇಕು.

ಹಿಂದೂಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಮನೆ ಅವರದು. ಗಂಡ ರೇಷ್ಮೆ ಸೀರೆ ನೇಯುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅಕ್ಕ ನಡುಮನೆಯ ಮಗ್ಗದ ಗುಂಡಿಯನ್ನು ಮುಚ್ಚಿಸಿ, ಅದೇ ಜಾಗದಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡರು. ಮಕ್ಕಳಿರಲಿಲ್ಲ. ತಂಗಿಯೊಬ್ಬಳು ಜೊತೆಗಿದ್ದಳು. ಬೀದಿಯ ಹೆಂಗಸರೆಲ್ಲ ಅಳತೆ ಕೊಡುವಾಗ ಅತ್ತೆಯ ಕಾಟ, ಮೈಯ ನೋವು, ಗಂಡನ ಕುಡಿತ ಎಲ್ಲವನ್ನೂ ಅವರ ಮುಂದೆ ಸುರಿದು ಹೋಗುತ್ತಿದ್ದರು. ಅದರಲ್ಲಿ ಒಂದು ಮಾತೂ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ನಾನೇ ಒಮ್ಮೆ ಕೆದಕಿ ಕೇಳಿದ್ದೆ. "ನಾನು ರವಿಕೆ ಹೊಲಿಯೋಳು ಕಣಮ್ಮ, ನಂಗ್ಯಾಕೆ ಅದೆಲ್ಲ" ಎಂದು ಮಷೀನು ಓಡಿಸಿಬಿಟ್ಟರು.

ನನ್ನ ಗಂಡನಿಗೆ ಪೆನುಕೊಂಡದ ಹತ್ತಿರದ ಕಾರು ಕಾರ್ಖಾನೆಯಲ್ಲಿ ಕೆಲಸ. ನಾನು ಪರಿಗಿಯ ಶಾಲೆಯಲ್ಲಿ ಟೀಚರು. ಗಂಡನ ಮನೆ ಕಲ್ಯಾಣದುರ್ಗದಲ್ಲಿ. ಮೊದಲನೇ ಸಲ ಬಸಿರಾದಾಗ ನಾನು ಅಲ್ಲಿಯೇ ಇದ್ದೆ. ಒಂದೂವರೆ ತಿಂಗಳಿಗೇ ಅತ್ತೆ ಇಡೀ ಬೀದಿಗೆ ಸಿಹಿ ಹಂಚಿದ್ದರು. ಹತ್ತನೇ ವಾರದಲ್ಲಿ ಅದು ಹೋಯಿತು. ಸಿಹಿ ತಿಂದವರೆಲ್ಲ ಮತ್ತೆ ಬಂದರು, ಈ ಸಲ ಸಮಾಧಾನ ಹೇಳಲು. ಬಸ್ಸಿನಲ್ಲಿ ಓಡಾಡಿದ್ದೇ ತಪ್ಪು ಎಂದರು ಒಬ್ಬರು. ಪಪ್ಪಾಯ ತಿಂದಿದ್ದೆಯಾ ಎಂದು ಕೇಳಿದರು ಇನ್ನೊಬ್ಬರು. ನಾನು ಗೋಡೆಗೆ ಒರಗಿ ಕೂತು ಎಲ್ಲರಿಗೂ ತಲೆ ಆಡಿಸುತ್ತಿದ್ದೆ. ಆ ವರ್ಷವೇ ನಾವು ಹಿಂದೂಪುರಕ್ಕೆ ಬಂದದ್ದು.

ನಾದಿನಿಯ ಮದುವೆಗೆಂದು ಟೈಲರಕ್ಕನ ಹತ್ತಿರ ಒಂದು ರವಿಕೆ ಹೊಲಿಯಲು ಕೊಟ್ಟಿದ್ದೆ. ಎರಡು ವಾರ ಬಿಟ್ಟು ಹಾಕಿಕೊಂಡು ನೋಡಿದರೆ ಎದೆಯ ಮೇಲೆ ಕೊಕ್ಕೆಗಳು ಸೇರಲೇ ಇಲ್ಲ. ಆ ದಿನಗಳಲ್ಲಿ ನನಗೆ ಎಲ್ಲದಕ್ಕೂ ಸಿಟ್ಟು. "ಅಳತೆ ತಪ್ಪು ತಗೊಂಡಿದೀರ ಅಕ್ಕ, ಇನ್ನು ನಾಲ್ಕು ದಿನಕ್ಕೆ ಮದುವೆ" ಎಂದು ರೇಗಿದೆ. ಅವರು ಟೇಪು ತೆಗೆದು ಮತ್ತೆ ಅಳೆದರು. ಸೊಂಟ ಅಷ್ಟೇ ಇತ್ತು, ತೋಳು ಅಷ್ಟೇ ಇತ್ತು. ಟೇಪು ಎದೆಗೆ ತಾಕಿದಾಗ ಮಾತ್ರ ನೋವಿಗೆ ಹಿಂದೆ ಸರಿದೆ. ಅಕ್ಕ ನನ್ನ ಮುಖ ನೋಡಿದರು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದರು.

"ಮುಟ್ಟಾಗಿ ಎಷ್ಟು ದಿನ ಆಯ್ತಮ್ಮ?"

ಆ ಮೊದಲ ಸಲದ ನಂತರ ನನ್ನ ಮುಟ್ಟಿಗೆ ಲೆಕ್ಕವೇ ಇರಲಿಲ್ಲ, ಆದ್ದರಿಂದ ನಾನೂ ಎಣಿಸುವುದನ್ನು ಬಿಟ್ಟಿದ್ದೆ.

"ಇರಾಕಿಲ್ಲ ಅಂದ್ಕೊಂಡು ಸುಮ್ಕಿದ್ದೀಯ. ಮೆಡಿಕಲ್ ಶಾಪಲ್ಲಿ ಕಿಟ್ ಸಿಗ್ತದಲ್ಲ, ತಗೊಂಡೋಗು. ಬೆಳಿಗ್ಗೆ ಎದ್ದ ತಕ್ಷಣ ನೋಡ್ಕೋ" ಎಂದರು. ಅಲ್ಲಿಯವರೆಗೆ ನನ್ನನ್ನು ಟೀಚರಮ್ಮ, ನೀವು ಎನ್ನುತ್ತಿದ್ದವರು ಆವತ್ತಿನಿಂದ ನೀನು ಎಂದರು.

ಮರುದಿನ ಬೆಳಿಗ್ಗೆ ಎರಡು ಗೆರೆ ಬಂದವು. ಸಂತೋಷವಾಯಿತು ಎಂದರೆ ಸುಳ್ಳಾದೀತು. ಬಚ್ಚಲ ಮೆಟ್ಟಿಲ ಮೇಲೆ ಕೂತೇ ಇದ್ದೆ. ಮೂರು ತಿಂಗಳು ತುಂಬುವವರೆಗೆ ಕಲ್ಯಾಣದುರ್ಗಕ್ಕೆ ಹೇಳುವುದು ಬೇಡ ಎಂದು ಗಂಡನಿಂದ ಮಾತು ತೆಗೆದುಕೊಂಡೆ. ಹೀಗಾಗಿ ಇಡೀ ಪ್ರಪಂಚದಲ್ಲಿ ಗೊತ್ತಿದ್ದದ್ದು ಮೂವರಿಗೆ. ಅಕ್ಕ ಅದೇ ದಿನ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟರು. ಮದುವೆ ಮನೆಯಲ್ಲಿ ಮುದುಕಿಯೊಬ್ಬರು "ಇನ್ನೂ ಏನೂ ವಿಶೇಷ ಇಲ್ವಾ?" ಎಂದು ಎಲ್ಲರೆದುರು ಕೇಳಿದಾಗ ನಾನು ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು, ಬರುತ್ತಿದ್ದ ವಾಂತಿಯನ್ನು ನುಂಗುತ್ತ ನಕ್ಕೆ.

ಆಮೇಲಿನ ವಾರಗಳಲ್ಲಿ ನನ್ನ ಮೈ ನನ್ನದಾಗಿ ಉಳಿಯಲಿಲ್ಲ. ಒಗ್ಗರಣೆಯ ವಾಸನೆಗೆ ಹೊಟ್ಟೆ ತಿರುಚುತ್ತಿತ್ತು. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬೇಯಿಸುವ ಹೊತ್ತಿಗೆ ನಾನು ಕಾಂಪೌಂಡಿನ ಆಚೆ ಹೋಗಿ ನಿಲ್ಲುತ್ತಿದ್ದೆ. ಬಾಯಲ್ಲಿ ಸದಾ ತಾಮ್ರದ ಚೆಂಬು ನೆಕ್ಕಿದ ರುಚಿ. ಮೂರನೇ ಪೀರಿಯಡ್ಡಿಗೇ ಕಣ್ಣು ಎಳೆಯುತ್ತಿತ್ತು, ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಸೀಮೆಸುಣ್ಣ ಮುರಿಯಿತೆಂದು ಒಂದು ದಿನ ಆರನೇ ತರಗತಿಯ ಮಕ್ಕಳ ಮುಂದೆ ಅತ್ತುಬಿಟ್ಟೆ. ಗಂಡನ ಯೂನಿಫಾರಮ್ಮಿನ ಎಣ್ಣೆ ವಾಸನೆಗೆ ಅವನನ್ನು ಹೊರಗಿನ ಕೋಣೆಯಲ್ಲಿ ಮಲಗಿಸಿದೆ, ಅವನು ಅಲ್ಲಿ ಮಲಗಿದನೆಂದು ಮತ್ತೆ ಅವನ ಮೇಲೆಯೇ ಮುನಿಸಿಕೊಂಡೆ. ಇದೆಲ್ಲಕ್ಕಿಂತ ದೊಡ್ಡದು ಭಯ. ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಿ, ರಕ್ತ ಕಂಡಿದೆಯಾ ಎಂದು ನೋಡಿಕೊಂಡು ಬರುತ್ತಿದ್ದೆ. ಇಲ್ಲವೆಂದು ಗೊತ್ತಾದರೂ ಅರ್ಧ ಗಂಟೆಯೂ ನೆಮ್ಮದಿ ಇರುತ್ತಿರಲಿಲ್ಲ.

ಮನೆಯಲ್ಲಿ ಕೂರಲಾಗದೆ ತಾರಸಿಯ ಮೇಲೆ ಆ ಕಡೆಯಿಂದ ಈ ಕಡೆ ಓಡಾಡುತ್ತಿದ್ದೆ. ಅಕ್ಕ ತಮ್ಮ ಅಂಗಳದಿಂದ ನೋಡಿ ಕರೆದರು.

"ಏಯ್, ಇಳ್ದು ಬಾ ಇಲ್ಲಿ. ಈ ಲಂಗದ ಅಂಚು ಬಿಚ್ಚಾಕೆ ನಂಗೆ ಟೈಮಿಲ್ಲ."

ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸಿ, ದಾರ ಎಳೆಯುವ ಕೆಲಸ. ಬಟ್ಟೆ ಹರಿಯಬಾರದೆಂದರೆ ಕಣ್ಣು ಅಲ್ಲೇ ಇರಬೇಕು. ಒಂದು ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ. ಆಮೇಲೆ ಶಾಲೆಯಿಂದ ಬಂದವಳು ದಿನವೂ ಅಲ್ಲಿಗೇ ಹೋಗತೊಡಗಿದೆ. ಬಿಚ್ಚುವ ಬಟ್ಟೆ ಅಷ್ಟೊಂದು ಎಲ್ಲಿಂದ ಬರುತ್ತಿತ್ತೋ ಅಕ್ಕನಿಗೇ ಗೊತ್ತು. ಬೆಳಿಗ್ಗೆ ಹಾಸಿಗೆಯಲ್ಲೇ ಕೂತು ಒಂದು ಹಿಡಿ ಬೊರುಗು, ಅಂದರೆ ಮಂಡಕ್ಕಿ ತಿಂದು, ಸ್ವಲ್ಪ ಹೊತ್ತು ಬಿಟ್ಟು ಕಾಲು ಕೆಳಗಿಡು ಎಂದು ಹೇಳಿಕೊಟ್ಟವರೂ ಅವರೇ. ವಾಂತಿ ಪೂರ್ತಿ ನಿಲ್ಲಲಿಲ್ಲ, ಆದರೆ ಪರಿಗಿಯ ಬಸ್ಸು ಹತ್ತುವಷ್ಟು ಶಕ್ತಿ ಉಳಿಯುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಎದ್ದರೆ ಮೈ ಹಗುರವಾಗಿತ್ತು. ಓಕರಿಕೆ ಇಲ್ಲ. ಎದೆಯ ನೋವು ಇಲ್ಲ. ಪರೀಕ್ಷಿಸಲೆಂದೇ ಸಾಸಿವೆ ಒಗ್ಗರಣೆ ಹಾಕಿ ಮೂಸಿ ನೋಡಿದೆ, ಏನೂ ಆಗಲಿಲ್ಲ. ಹೋದ ಸಲವೂ ಹೀಗೆಯೇ ಎಲ್ಲ ಒಮ್ಮೆಲೇ ನಿಂತಿತ್ತು, ಎರಡು ದಿನ ಬಿಟ್ಟು ರಕ್ತ ಕಂಡಿತ್ತು. ಗಂಡ ಮೊದಲನೇ ಶಿಫ್ಟಿಗೆ ಹೋಗಿದ್ದ, ಅವನ ಫೋನು ಲಾಕರಿನಲ್ಲಿ. ಬರಿಗಾಲಿನಲ್ಲೇ ಪಕ್ಕದ ಮನೆಗೆ ಓಡಿದೆ.

ಅಕ್ಕನ ಮುಂದೆ ಮದುಮಗಳೊಬ್ಬಳು ನಿಂತಿದ್ದಳು, ಅರ್ಧ ಹೊಲಿದ ರವಿಕೆ ಮಷೀನಿನ ಮೇಲಿತ್ತು. ನನ್ನ ಮುಖ ನೋಡಿದ್ದೇ ಮೋಟರಿನ ಸ್ವಿಚ್ಚು ಆರಿಸಿದರು. "ಸಾಯಂತ್ರ ಬಾಮ್ಮಾ, ನಂಗೆ ಆಸ್ಪತ್ರೆ ಕೆಲ್ಸ ಐತೆ" ಎಂದು ಆ ಹುಡುಗಿಯನ್ನು ಕಳಿಸಿ, ನನಗೆ ತಮ್ಮ ಚಪ್ಪಲಿ ಕೊಟ್ಟು, ತಾವು ತಂಗಿಯ ಚಪ್ಪಲಿ ಮೆಟ್ಟಿಕೊಂಡರು. ಆಟೋದಲ್ಲಿ ಹೋಗುವಾಗ ನನ್ನ ಕೈ ಹಿಡಿದೇ ಇದ್ದರು.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆವು. ನಮಗಿಂತ ಮುಂದೆ ಐದಾರು ಜನ. ನಾನು ಎದ್ದು ನಿಲ್ಲುವುದು, ಬಾಗಿಲವರೆಗೆ ಹೋಗುವುದು, ಬಂದು ಕೂರುವುದು.

"ಏನೂ ಆಗಿರಲ್ಲ ಅಲ್ವಾ ಅಕ್ಕ? ಹೇಳಿ" ಎಂದೆ.

ಅವರು ನನ್ನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಂಗೊತ್ತಿಲ್ಲ ಕಣಮ್ಮ. ಗೊತ್ತಿಲ್ದೆ ಹೇಳಾಕಿಲ್ಲ. ನಂಗೂ ಎರಡು ಸಲ ಬಸ್ರು ನಿಂತಿತ್ತು. ಎರಡು ಸಲಾನೂ ಎಲ್ರೂ ಏನೂ ಆಗಾಕಿಲ್ಲ, ಏಮೀ ಕಾದು ಅಂದ್ರು. ಎರಡೂ ಹೋದ್ಮೇಲೆ ಅವರ್ಯಾರೂ ನನ್ನ ಮಖ ನೋಡ್ಲಿಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. "ಒಳ್ಳೇದಾದ್ರೂ ಇಲ್ಲೇ ಇರ್ತೀನಿ, ಕೆಟ್ಟದ್ದಾದ್ರೂ ಇಲ್ಲೇ ಇರ್ತೀನಿ. ಹೋಗು, ನಿನ್ನ ಹೆಸ್ರು ಕೂಗಿದ್ರು."

ನನಗೆ ಆವರೆಗೆ ಎಷ್ಟೋ ಜನ ಧೈರ್ಯ ಹೇಳಿದ್ದರು. ಅದಾವುದೂ ಕಾಲಿಗೆ ಬಲ ಕೊಟ್ಟಿರಲಿಲ್ಲ. ಈ ಮಾತಿನ ಮೇಲೆ ನಾನು ನಡೆದು ಒಳಗೆ ಹೋದೆ.

ಡಾಕ್ಟರು ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು ಹಚ್ಚಿ, ಪರದೆ ನೋಡುತ್ತ ಅಲ್ಲಿಲ್ಲಿ ಒತ್ತಿದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದುಬಣ್ಣದ ಮಧ್ಯೆ ಅವರೆಕಾಳಿನಂಥದ್ದೊಂದು, ಅದರೊಳಗೆ ಪಟಪಟ ಮಿಡಿಯುವ ಚುಕ್ಕೆ. "ಓಕರಿಕೆ ಒಂದು ದಿನ ಇದ್ದು ಒಂದು ದಿನ ಇಲ್ಲದೆ ಇರಬಹುದು. ಬಂದು ತೋರಿಸಿಕೊಂಡದ್ದು ಒಳ್ಳೆಯದಾಯಿತು" ಎಂದರು. ನಾನು ಮುಖ ಮುಚ್ಚಿಕೊಂಡು ಅಳುತ್ತ ಹೊರಗೆ ಬಂದೆ.

ಅಕ್ಕ ನನ್ನನ್ನು ನೋಡಿದರು. ಗೋಡೆ ಹಿಡಿದುಕೊಂಡು ಹಾಗೆಯೇ ನೆಲಕ್ಕೆ ಕುಸಿದರು. "ಇದೆ ಅಕ್ಕ, ಇದೆ, ಚೆನ್ನಾಗಿದೆ" ಎಂದು ನಾನು ಕೂಗಬೇಕಾಯಿತು.

"ನಗ್ತಾ ಬರಾಕೆ ಏನಾಗಿತ್ತೇ ನಿಂಗೆ!" ಎಂದು ನನ್ನ ತೋಳಿಗೆ ಒಂದು ಬಾರಿಸಿ, ಅಲ್ಲೇ ಕೂತು ಜೋರಾಗಿ ಅತ್ತರು. ಬೆಂಚಿನ ಮೇಲಿದ್ದ ಹೆಂಗಸರೆಲ್ಲ ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಮರುದಿನವೇ ಓಕರಿಕೆ ತಿರುಗಿ ಬಂತು. ತಿಂಗಳು ತುಂಬಿ ಮಗಳು ಹುಟ್ಟಿದಳು.

ಇಲ್ಲಿಗೆ ನಿಲ್ಲಿಸಿದರೆ ನನಗೆ ಸುಲಭ. ಆದರೆ ಇನ್ನೊಂದು ಹೇಳಬೇಕು. ಕಲ್ಯಾಣದುರ್ಗದಲ್ಲಿ ನಾಮಕರಣ ಇಟ್ಟುಕೊಂಡಾಗ ಟೈಲರಕ್ಕ ಎರಡು ಬಸ್ಸು ಬದಲಿಸಿ ಬಂದರು, ತಾವೇ ಹೊಲಿದ ನಾಲ್ಕು ಪುಟ್ಟ ಅಂಗಿ ತಂದಿದ್ದರು. ಅತ್ತೆ ತಟ್ಟೆ ಹಿಡಿದು ಸಾಲಾಗಿ ಕೂತ ಹೆಂಗಸರಿಗೆ ಅರಿಸಿನ ಕುಂಕುಮ ಕೊಡುತ್ತ ಬಂದರು. ಅಕ್ಕನ ಮುಂದೆ ನಿಲ್ಲಲಿಲ್ಲ. ಮುಂದಿನವರ ಹತ್ತಿರ ಹೋದರು. ಗಂಡ ಇಲ್ಲದವರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮಣೆಯ ಮೇಲೆ ಮಗುವನ್ನು ಎತ್ತಿಕೊಂಡು ಕೂತಿದ್ದ ನಾನು ನೋಡಿದೆ. ಅತ್ತೇ, ಅವರಿಗೂ ಕೊಡಿ ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿ ಏಳಲಿಲ್ಲ. ಅಕ್ಕ ನೀರು ಕುಡಿಯುವವರ ಹಾಗೆ ಎದ್ದು ಅಡುಗೆಮನೆಗೆ ಹೋದರು.

ಮುಂದೆ ನನಗೆ ಬೆಳುಗುಪ್ಪಕ್ಕೆ ವರ್ಗವಾಯಿತು, ನಾವು ಕಲ್ಯಾಣದುರ್ಗಕ್ಕೆ ಬಂದೆವು. ಅಕ್ಕ ಫೋನು ಮಾಡುತ್ತಲೇ ಇದ್ದರು. ಹಲ್ಲು ಬಂತಾ, ನಡೀತಾಳಾ, ಹಟ ಮಾಡ್ತಾಳಾ. ಪ್ರತಿ ಸಲವೂ ಹೇಳಬೇಕೆಂದುಕೊಂಡು ಹೇಳದೆ ಫೋನು ಇಡುತ್ತಿದ್ದೆ. ಕೊನೆಗೊಮ್ಮೆ, "ಅಕ್ಕ, ಆವತ್ತು ನಾಮಕರಣದ ದಿನ..." ಎಂದು ಶುರು ಮಾಡಿದೆ.

"ಒಬ್ಬಟ್ಟು ಬೋ ಚೆಂದಾಗಿತ್ತು ಕಣಮ್ಮ" ಎಂದು ಅವರು ಬೇರೆ ಮಾತಿಗೆ ಹೊರಳಿದರು. ಗೊತ್ತಿದ್ದೇ ಹಾಗೆ ಮಾಡಿದರೆಂದು ಈಗ ನನಗೆ ಖಾತ್ರಿಯಿದೆ. ನನಗೆ ಕ್ಷಮೆ ಕೇಳುವ ಕಷ್ಟವನ್ನೂ ಅವರು ಕೊಡಲಿಲ್ಲ. ಅದು ಇನ್ನೂ ನನ್ನೊಳಗೆ ಹಾಗೆಯೇ ಕೂತಿದೆ.

ಈ ಶ್ರಾವಣದಲ್ಲಿ ಅವರು ಹೋದರು. ಬೆಳಿಗ್ಗೆ ಕಾಫಿ ಕುಡಿದು ಎದೆ ನೋವೆಂದರಂತೆ, ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು. ನಾನು ಹಿಂದೂಪುರ ತಲುಪುವ ಹೊತ್ತಿಗೆ ಮಣ್ಣೂ ಆಗಿತ್ತು. ತಂಗಿ ನಡುಮನೆಯಲ್ಲಿ ಕೂತು ಬಂದವರೊಡನೆ ಮಾತಾಡುತ್ತಿದ್ದಳು.

ಅಂಗಳದಲ್ಲಿ ಒಬ್ಬಳು ಹುಡುಗಿ ಮಾತ್ರ ಒಳಗೂ ಬರದೆ, ಹೊರಗೂ ಹೋಗದೆ ಓಡಾಡುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಕರ್ಚೀಫನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಳು ತಡೆಯುತ್ತಿದ್ದಾಳೆ ಎಂದುಕೊಂಡೆ. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂದಾಗ ಅವಳು ಚರಂಡಿಯ ಹತ್ತಿರ ಓಡಿ ಬಗ್ಗಿದಳು. ನಾನು ಹೋಗಿ ಹಣೆ ಹಿಡಿದುಕೊಂಡೆ.

"ಯಾರಿಗೂ ಗೊತ್ತಿಲ್ಲ ಅಕ್ಕ" ಎಂದಳು, ಉಸಿರು ಸಿಕ್ಕ ಮೇಲೆ. "ಟೈಲರಕ್ಕಂಗೆ ಮಾತ್ರ ಹೇಳಿದ್ದೆ. ಹೋದ ವರ್ಷ ಒಂದು ನಿಲ್ಲಲಿಲ್ಲ. ನಾಡಿದ್ದು ಸ್ಕ್ಯಾನಿಂಗ್ ಐತೆ. ಜೊತೇಗೆ ಬತ್ತೀನಿ ಅಂದಿದ್ರು."

ನಾನು ಅವಳನ್ನು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆ.

"ಎಷ್ಟು ಗಂಟೆಗೆ?" ಎಂದೆ.

"ಹತ್ತಕ್ಕೆ."

ಬೆಳುಗುಪ್ಪದ ಹೆಡ್‌ಮಾಸ್ಟರಿಗೆ ಫೋನು ಮಾಡಿ, ಇನ್ನು ಮೂರು ದಿನ ಬರುವುದಿಲ್ಲ ಎಂದು ಹೇಳಿದೆ.