ಕೈಗುಣ

ಕಿರಂಗೂರಿನ ಯಶೋಧರಾಳಿಗೆ ನಾಲ್ಕು ಜನರಲ್ಲಿ ಹೆಸರು ತಂದುಕೊಟ್ಟದ್ದು ಅವಳ ಕೈ. ಅವಳನ್ನು ಗೂಟಕ್ಕೆ ಕಟ್ಟಿಹಾಕಿದ್ದೂ ಅದೇ ಕೈ. ಪಾಂಡವಪುರದ ಒಂದು ಸಣ್ಣ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವುದು ಅವಳ ಕೆಲಸ. ಸೂಜಿ ಹೋದದ್ದೂ ಬಂದದ್ದೂ ಗೊತ್ತಾಗುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಈಗ ಸುತ್ತಲ ಹಳ್ಳಿಯ ಮುದುಕಿಯರೆಲ್ಲ "ಆವಮ್ಮನೇ ಬರ್ಲಿ, ಅಲ್ಲಿಗಂಟ ಕೂತಿರ್ತೀವಿ" ಎಂದು ಬೆಂಚು ಹಿಡಿದು ಕೂರುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವ ಶ್ವೇತ ಸೂಜಿ ಹಿಡಿದು ಬಂದರೆ ತೋಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಶ್ವೇತಳಿಗೆ ಇದರಿಂದ ಬೇಜಾರೇನಿಲ್ಲ, ಅವಳಿಗೆ ಕೇಳಿದಾಗ ರಜೆ ಸಿಗುತ್ತದೆ. ಯಶೋಧರಾಳಿಗೆ ಸಿಗುವುದಿಲ್ಲ.

ಮನೆಯಲ್ಲಿ ಹಸುವಿನದೂ ಇದೇ ಹಟ. ಅದು ಮೊದಲ ಕರು ಹಾಕಿದ ಹೊಸದರಲ್ಲಿ ಗಂಡ ಸಿದ್ದಾರ್ಥ ಒಂದು ದಿನ ಕರೆಯಲು ಕೂತಿದ್ದ. ಒದ್ದ ಏಟಿಗೆ ಬಕೆಟ್ಟು ಒಂದು ಕಡೆ, ಇವನು ಒಂದು ಕಡೆ. ಆವತ್ತೇ ಅತ್ತೆ ತೀರ್ಪು ಕೊಟ್ಟುಬಿಟ್ಟರು: "ಇದು ನಮ್ ಯಶೋದನ ಕೈಗೇ ಒಗ್ಗಿರೋದು. ಇನ್ಯಾರೂ ಮುಟ್‌ಬ್ಯಾಡಿ." ಅಲ್ಲಿಂದಾಚೆಗೆ ಅದೇ ಮನೆಯ ಕಾನೂನಾಯಿತು. ಅತ್ತೆಯ ಮಣಿಕಟ್ಟು ನೋವು, ಅವರನ್ನು ಕೇಳುವಂತಿಲ್ಲ. ಸಿದ್ದಾರ್ಥನಿಗೆ ಮೈಸೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹಬ್ಬವಿರಲಿ ಜ್ವರವಿರಲಿ, ಇವಳೇ ಕೂರಬೇಕು. ನಿಜ ಹೇಳಬೇಕೆಂದರೆ ಇದು ಅವಳಿಗೂ ಹಿತವಾಗಿಯೇ ಇತ್ತು. ಡೈರಿಯ ಹತ್ತಿರ ಕ್ಯಾನು ಹಿಡಿದು ನಿಂತಾಗ "ನಮ್ಮನೇದು ನನ್ ಬುಟ್ಟು ಯಾರ್ಗೂ ಸೊರೆ ಬುಡಕಿಲ್ಲ, ಒಂದ್ ತೊಟ್ಟು ಆಲೂ ಕೊಡಕಿಲ್ಲ ಕನಕ್ಕ" ಎಂದು ಹೇಳುವಾಗ ಅವಳ ಕತ್ತು ಸ್ವಲ್ಪ ನೆಟ್ಟಗಾಗುತ್ತಿತ್ತು.

ಆದರೆ ಆ ಹೆಮ್ಮೆಗೆ ಅವಳು ಕೊಟ್ಟದ್ದು ಕಡಿಮೆಯೇನಲ್ಲ. ನಾಗಮಂಗಲದಲ್ಲಿ ಡಿಪ್ಲೊಮಾ ಓದುವಾಗಿನ ಗೆಳತಿ ಸಂಘಮಿತ್ರಾ ಪ್ರತಿ ಬೇಸಿಗೆಗೂ ಒಂದು ಗುಂಪು ಕಟ್ಟಿಕೊಂಡು ಬಾದಾಮಿಗೋ ಕಾರವಾರಕ್ಕೋ ಹೊರಡುವ ಮೊದಲು ಇವಳಿಗೊಂದು ಫೋನು ಮಾಡುತ್ತಿದ್ದಳು. ಇವಳು ಹಸುವಿದೆಯಲ್ಲ ಎನ್ನುತ್ತಿದ್ದಳು. ಕೊನೆಕೊನೆಗೆ ಸಂಘಮಿತ್ರಾ ಫೋನೂ ಮಾಡಲಿಲ್ಲ, ಫೋಟೋ ಮಾತ್ರ ಕಳಿಸಿದಳು. ಹಳೆಯ ಗುಡಿಗಳ ಚಿತ್ರ ಬರೆಯುತ್ತಿದ್ದ ಯಶೋಧರಾಳ ಪೆನ್ಸಿಲ್ಲುಗಳನ್ನು ಮಗಳು ಮಾನಸ ಶಾಲೆಗೆ ಒಯ್ದು ಕಳೆದಳು. ಓದು ಮಾತ್ರ ಹೇಗೋ ಉಳಿದುಕೊಂಡಿತ್ತು, ಅದೂ ಪಾಂಡವಪುರದ ಬಸ್ಸಿನಲ್ಲಿ, ಕಿಟಕಿ ಸೀಟು ಸಿಕ್ಕಿದರೆ.

ಇಷ್ಟೆಲ್ಲದರ ನಡುವೆ ಅವಳು ಬಿಡದೆ ಹಿಡಿದುಕೊಂಡದ್ದು ಒಂದೇ: ತಿಂಗಳಿಗೊಂದು ಭಾನುವಾರ ತವರಿಗೆ ಹೋಗಿ ಅವ್ವನಿಗೆ ಪುಸ್ತಕ ಓದಿ ಹೇಳುವುದು. ತವರು ಕೆ.ಆರ್. ಪೇಟೆಯಾಚೆಯ ಗೋವಿಂದನಹಳ್ಳಿ. ಅವ್ವ ಮಾರಮ್ಮನಿಗೆ ಓದು ಬಾರದು, ಆದರೆ ಕಥೆಯ ಹುಚ್ಚು ವಿಪರೀತ. ಬೆಳಗಿನ ಹಾಲು ಕರೆದು ಹೊರಟರೆ ಮೂರು ಬಸ್ಸು ಬದಲಿಸಿ ಊರು ಸೇರುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಉಂಡು, ಓದಿ, ಸಂಜೆಯ ಹಾಲಿಗೆ ಮತ್ತೆ ಓಡಬೇಕು. ಆ ಎರಡು ಗಂಟೆಯಲ್ಲಿ ನಾಲ್ಕು ಪುಟ ಸಾಗಿದರೆ ಹೆಚ್ಚು. ಯಾಕೆಂದರೆ ಮಾರಮ್ಮ ಸುಮ್ಮನೆ ಕೇಳುವವಳಲ್ಲ. ಸಾಲು ಸಾಲಿಗೂ ನಿಲ್ಲಿಸಿ ಕಥೆಯ ಜನರನ್ನು ಬೈಯುತ್ತಿದ್ದಳು, ಬುದ್ಧಿ ಹೇಳುತ್ತಿದ್ದಳು, ಒಮ್ಮೊಮ್ಮೆ ಎಲೆ ಅಡಿಕೆ ಉಗಿದು ಬಂದು ಶಾಪವನ್ನೂ ಹಾಕುತ್ತಿದ್ದಳು. ಮನೆಯ ಸೊಸೆ, ಯಶೋಧರಾಳ ತಮ್ಮನ ಹೆಂಡತಿ, ಒಮ್ಮೆ ಓದಲು ಕೂತದ್ದಕ್ಕೆ "ನೀನು ಓದುದ್ರೆ ಪರೀಕ್ಸೆಗೆ ಓದ್ದಂಗಾಯ್ತದೆ, ಎದ್ದೇಳವ್ವ" ಎಂದು ಎಬ್ಬಿಸಿದ್ದಳು. ಫೋನಿನಲ್ಲಿ ಓದುತ್ತೇನೆಂದರೆ ಅದಕ್ಕೂ ತಕರಾರು. "ಆ ಡಬ್ಬ ಮಾತಾಡುದ್ರೆ ನಾನ್ ಯಾರ್ ಮಕ ನೋಡ್ಕೊಂಡು ಬಯ್ಲಿ?"

ಈಗ ಓದುತ್ತಿದ್ದದ್ದು ರಟ್ಟು ಹರಿದುಹೋದ ಒಂದು ಹಳೆಯ ಕಾದಂಬರಿ, ಹೆಸರೇನೆಂದು ಇಬ್ಬರಿಗೂ ಗೊತ್ತಿಲ್ಲ. ಅದರಲ್ಲಿ ಪುಟ್ಟತಾಯಿ ಎಂಬವಳು ಗಂಡನ ಕಾಟ ತಡೆಯದೆ ಬಟ್ಟೆಗಂಟು ಹಿಡಿದು ಹೊಳೆಯ ದಂಡೆಗೆ ಬಂದು ನಿಂತಿದ್ದಳು. ಹರಿಗೋಲಿನವನು ಹತ್ತಮ್ಮ ಎನ್ನುತ್ತಿದ್ದ. "ಅತ್‌ಬ್ಯಾಡ ಅನ್ನು ಅವಳ್ಗೆ! ಮಕ್ಕಳ್ನ ಬುಟ್ಟು ಅದೆಲ್ಲಿಗೋದಾಳು!" ಎಂದು ಮಾರಮ್ಮ ಕೂಗಾಡಿದಳು. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿ ಯಶೋಧರಾ ಪುಸ್ತಕ ಮಡಚಿದಳು. "ನೀನ್ ಬರಗಂಟ ಅವಳು ಅಲ್ಲೇ ನಿಂತಿರ್ಲಿ ಬುಡು" ಎಂದು ಮಾರಮ್ಮ ಬಾಗಿಲವರೆಗೂ ಬಂದು ಕಳಿಸಿಕೊಟ್ಟಿದ್ದಳು.

ಮುಂದಿನ ತಿಂಗಳು ಹಸು ಕರು ಹಾಕಿತು. ಕರು ಹಾಕಿದ ಹೊಸದರಲ್ಲಿ ಕೆಚ್ಚಲು ಬಿಗಿಯುತ್ತದೆ, ಸ್ವಲ್ಪ ತಡವಾದರೂ ಬಾವು ಬರುತ್ತದೆ. ಯಶೋಧರಾ ಆ ತಿಂಗಳು ಹೋಗಲಿಲ್ಲ. ಅದರ ಮುಂದಿನದೂ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮಾರಮ್ಮನಿಗೆ ಪಾರ್ಶ್ವವಾಯು ಬಡಿಯಿತು.

ಆಸ್ಪತ್ರೆಗೆ ಇವಳು ಎರಡು ಸಲ ಓಡಿದಳು, ಎರಡು ಸಲವೂ ಸಂಜೆಯ ಹಾಲಿಗೆ ವಾಪಸು ಓಡಿದಳು. ಅವ್ವನ ಹಾಸಿಗೆಯ ಪಕ್ಕ ಕೂತು ಗಡಿಯಾರ ನೋಡಿದ ತನ್ನ ಕಣ್ಣನ್ನು ಕಿತ್ತು ಹಾಕಬೇಕೆನ್ನಿಸಿತು ಅವಳಿಗೆ. ವಾರದ ಮೇಲೆ ಡಾಕ್ಟರು ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು. ಬಲಗಡೆ ಬಿದ್ದುಹೋಗಿತ್ತು, ಮಾತು ನಿಂತಿತ್ತು.

ತಮ್ಮ ನಾಗಾರ್ಜುನನ ಫೋನು ಬಂದಾಗ ಅವಳು ಬೆಳಗಿನ ಹಾಲು ಕರೆದು ಇನ್ನೂ ಕೊಟ್ಟಿಗೆಯಲ್ಲೇ ಇದ್ದಳು.

"ಅಕ್ಕ, ಅವ್ವ ನಿನ್ನೆಯಿಂದ ಗಂಜಿನೂ ಬುಟ್ಟವ್ಳೆ. ಯಾರ್ ಬಂದ್ರೂ ಬಾಕ್ಲು ಕಡೇಗೇ ನೋಡ್ತಾಳೆ. ಬಂದು ಒಂದೆರಡು ದಿನ ಇದ್ದೋಗಕ್ಕ. ಆಮೇಲೆ ನೀನೂ ಅಳ್‌ಬ್ಯಾಡ, ನಮ್ನೂ ಅನ್‌ಬ್ಯಾಡ."

ಅವಳು ಬಕೆಟ್ಟನ್ನು ಹಾಗೇ ಹಿಡಿದು ಹೊರಗೆ ಬಂದಳು. ಸಿದ್ದಾರ್ಥ ರಾತ್ರಿ ಪಾಳಿ ಮುಗಿಸಿ ಬಂದು ಜಗಲಿಯಲ್ಲಿ ಟೀ ಕುಡಿಯುತ್ತಿದ್ದ.

"ನಾನು ಊರ್ಗೆ ಓಯ್ತೀನಿ. ಎರಡು ದಿನ ಅಲ್ಲೇ ಇರ್ತೀನಿ."

"ಓಗು, ಯಾರ್ ಬ್ಯಾಡ ಅಂದ್ರು? ಆದ್ರೆ ಸಾಯಂಕಾಲ ಅಸ..."

ಯಶೋಧರಾ ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು, ಹಾಲು ತುಳುಕಿ ಅವಳ ಪಾದದ ಮೇಲೆ ಚೆಲ್ಲಿತು.

"ಅಸ, ಅಸ, ಅಸ! ನಮ್ಮವ್ವ ಸಾಯ್ತಾವ್ಳೆ ಕನ್ರೀ! ಅದರ ಕೆಚ್ಚಲು ಒಡ್ದೋಗ್ಲಿ ಬುಡಿ, ನಂಗೇನು! ಲ್ಯಾಬ್ನೋರ್ಗೂ ನನ್ ಕೈನೇ ಬೇಕು, ಅಸೀಗೂ ನನ್ ಕೈನೇ ಬೇಕು. ಎಲ್ಲಾರೂ ಒಂದೊಂದು ತುಂಡು ಕತ್ತರ್ಸಿ ಇಟ್ಕೊಳ್ರಿ ಅತ್ಲಾಗೆ!"

ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತರು. ಸಿದ್ದಾರ್ಥ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಮಾಡಿದವನಲ್ಲ, ಅವಳು ಓದುವುದನ್ನು ಬೇಡವೆಂದವನಲ್ಲ. ಕೇಳಿದರೆ ಮಾಡುತ್ತಿದ್ದ, ಕೇಳದಿದ್ದರೆ ಹೊಳೆಯುತ್ತಿರಲಿಲ್ಲ, ಅಷ್ಟೇ. ಅವನು ಲೋಟ ಹಿಡಿದುಕೊಂಡು ಪೆಚ್ಚಾಗಿ ಕೂತ.

ಗಲಾಟೆ ಕೇಳಿ ಪಕ್ಕದ ಮನೆಯ ಚಲುವಯ್ಯ ಗೋಡೆಯ ಮೇಲಿಂದ ಇಣುಕಿದ. "ಲೇ ಸಿದ್ದ, ಅವಳ್ದೊಂದು ನೈಟಿ ಆಕ್ಕೊಂಡು ಕೂತ್ಕಳ್ಲಾ. ನಮ್ಮಪ್ಪ ನಮ್ಮವ್ವನ ಸೀರೆ ಸುತ್ಕೊಂಡು ವರ್ಸ ಪೂರ್ತಿ ಆಲು ಕರ್ದಿದ್ದ. ಅಸೀಗೆ ವಾಸ್ನೆ ಕನ್ಲಾ ಬೇಕಾಗಿರೋದು, ಮೀಸೆ ಯಾರ್ ನೋಡ್ತರೆ?"

ಈ ಉಪಾಯ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಆದರೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆದವನನ್ನು ನೈಟಿ ಹಾಕಿಕೊಂಡು ಕೂರು ಎನ್ನಲು ಇಷ್ಟು ದಿನ ಆ ಮನೆಯಲ್ಲಿ ಯಾರಿಗೂ ಬಾಯಿ ಬಂದಿರಲಿಲ್ಲ. ಯಶೋಧರಾ ಒಳಗೆ ಹೋಗಿ, ಒಗೆಯಲು ಹಾಕಿದ್ದ ನೈಟಿಯನ್ನು ತಂದು ಗಂಡನ ಮಡಿಲಿಗೆ ಹಾಕಿದಳು. "ಇದ್ನ ಆಕ್ಕೊಂಡು ಕೂತ್ಕಳಿ. ಮಾತಾಡ್‌ಬ್ಯಾಡಿ. ಮೊದ್ಲು ಕರ ಬುಡಿ, ಆಮೇಲೆ ಕೆಚ್ಚಲು ನೀವಿ" ಎಂದಳು. ಲ್ಯಾಬಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. ಆ ಕಡೆಯಿಂದ ಉತ್ತರ ಬರುವ ಮೊದಲೇ ಇಟ್ಟುಬಿಟ್ಟಳು.

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ನಿಂತೇ ಹೋದಳು. ಆಮೇಲಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಚೀಲದಿಂದ ಪುಸ್ತಕ ತೆಗೆದು ಮಡಿಲಲ್ಲಿಟ್ಟುಕೊಂಡಳು, ತೆರೆಯಲಿಲ್ಲ. ಅವ್ವನಿಗಿಂತ ಮುಂದೆ ಒಂದು ಸಾಲನ್ನೂ ಓದಬಾರದೆಂದು ಅವಳೇ ಹಾಕಿಕೊಂಡ ಕಟ್ಟು ಅದು. ಹೊರಗೆ ಕಬ್ಬಿನ ಗದ್ದೆ ಓಡುತ್ತಿತ್ತು. ಹೋಗುವುದರೊಳಗೆ ಉಸಿರು ನಿಂತಿದ್ದರೆ? ಇದ್ದರೂ ಕೇಳಿಸದಿದ್ದರೆ? ಇಷ್ಟು ವರ್ಷ ಯಾರಿಗೂ ಕಡಿಮೆ ಮಾಡಬಾರದೆಂದು ಎಲ್ಲ ಕಡೆಗೂ ಓಡಿದ್ದಾಯಿತು. ಯಾವ ಕಡೆಯೂ ತಾನು ಪೂರ್ತಿ ಇರಲಿಲ್ಲ ಎನ್ನುವುದು ಆ ಸೀಟಿನಲ್ಲಿ ಅವಳಿಗೆ ನೀರಿನಷ್ಟು ಸ್ಪಷ್ಟವಾಗಿ ಕಂಡಿತು. ಪಕ್ಕದವಳು "ಯಾಕವ್ವ, ಊಟ ಮಾಡಿಲ್ವ?" ಎಂದು ಕೇಳಿದಾಗಲೇ ತಾನು ಅಳುತ್ತಿದ್ದೇನೆಂದು ಗೊತ್ತಾದದ್ದು.

ಮಾರಮ್ಮ ನಡುಮನೆಯ ಮಂಚದ ಮೇಲಿದ್ದಳು. ಬಾಯಿ ಒಂದು ಕಡೆಗೆ ವಾಲಿತ್ತು. ಮಗಳನ್ನು ನೋಡಿ ಎಡಗೈಯ ಬೆರಳುಗಳು ಅಲುಗಿದವು. ನಾಗಾರ್ಜುನನ ಹೆಂಡತಿ ತಂದ ಗಂಜಿಯನ್ನು ಯಶೋಧರಾ ಚಮಚದಲ್ಲಿ ಕುಡಿಸಿದಳು, ಎರಡು ಗುಟುಕು ಒಳಗೆ ಹೋಯಿತು, ಉಳಿದದ್ದು ಕೆನ್ನೆಯ ಮೇಲೆ ಇಳಿಯಿತು. ಒರೆಸಿ, ಪಕ್ಕದಲ್ಲಿ ಕೂತು ಪುಸ್ತಕ ತೆರೆದಳು.

ಮುಂದಿನ ಸಾಲಿನಲ್ಲೇ ಪುಟ್ಟತಾಯಿ ಹರಿಗೋಲು ಹತ್ತಿದಳು.

ಯಶೋಧರಾ ನಿಲ್ಲಿಸಿ ಅವ್ವನ ಮುಖ ನೋಡಿದಳು. "ಅತ್ಬುಟ್ಲು ಕನವ್ವ. ನೀನು ಬ್ಯಾಡ ಅಂದ್ರೂ ಅತ್ಬುಟ್ಲು, ನೋಡು" ಎಂದಳು. ಮಾರಮ್ಮ ಸುಮ್ಮನೆ ಮಲಗಿದ್ದಳು. ಎಡಗಣ್ಣಿನಿಂದ ನೀರು ಇಳಿಯಿತು, ಆದರೆ ಆ ಕಣ್ಣು ಪೊರೆ ತೆಗೆಸಿದಾಗಿನಿಂದ ಯಾವಾಗಲೂ ಒಸರುವುದೇ. ಯಶೋಧರಾ ಮತ್ತೆ ಓದಿದಳು. ಯಾರೂ ತಡೆಯಲಿಲ್ಲ, ಯಾರೂ ಬೈಯಲಿಲ್ಲ. ಪುಟಗಳು ಒಂದರ ಮೇಲೊಂದು ಮುಗಿಯುತ್ತ ಹೋದವು. ನಾಲ್ಕು ಭಾನುವಾರ ಹಿಡಿಯಬೇಕಾಗಿದ್ದ ಅಧ್ಯಾಯ ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಮುಗಿದುಹೋಯಿತು. ಅಡ್ಡಮಾತಿಲ್ಲದ ಪುಸ್ತಕ ಇಷ್ಟು ಸಣ್ಣದೆಂದು ಅವಳಿಗೆ ಗೊತ್ತಿರಲಿಲ್ಲ. ಹೆದರಿಕೆಯಾಗಿ ನಿಧಾನ ಮಾಡಿದಳು. ಓದಿದ ಸಾಲನ್ನೇ ಮತ್ತೊಮ್ಮೆ ಓದಿದಳು, ಬೈಗುಳ ಬರಬೇಕಾದ ಕಡೆ ನಿಂತು ಕಾದಳು, ಕಾದು ಮುಂದೆ ಹೋದಳು. ಹಾಗೆ ಮಾಡಿದರೂ ಇಳಿಹೊತ್ತಿಗೆ ಕೊನೆಯ ಪುಟ ಬಂದೇ ಬಂತು.

ಸಂಜೆಯಾಗುತ್ತಿದ್ದ ಹಾಗೆ ಅವಳ ಕೈ ಕೆಲಸವಿಲ್ಲದೆ ಚಡಪಡಿಸಿತು. ಅಲ್ಲಿ ಬಕೆಟ್ಟು ಉರುಳಿತೋ, ಗಂಡನಿಗೆ ಪೆಟ್ಟಾಯಿತೋ, ಕೆಚ್ಚಲು ಕಲ್ಲಾಯಿತೋ. ಅಂಗಳಕ್ಕೆ ಬಂದು ಫೋನು ಮಾಡಿದಳು.

"ಕರುದ್ರಾ?"

"ಕರ್ದು ಡೈರಿಗೆ ಆಕಿದ್ದೂ ಆಯ್ತು ಕನಮ್ಮಿ. ದಿನಾ ಎಷ್ಟು ಬರ್ತಿತ್ತೋ ಅಷ್ಟೇ!" ಸಿದ್ದಾರ್ಥನ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು.

"ನೈಟಿ ಆಕ್ಕೊಂಡ್ರಾ?"

"ಎಲ್ಲಿ, ಮರ್ತೇ ಓಯ್ತು. ಕೂತ್ಕಂಡ್ ಮೇಲೆ ಗ್ಯಾಪ್ಕ ಬಂತು. ಬನೀನು ಪಂಚೇಲೇ ಕರ್ದೆ. ಕಾಲೂ ಎತ್ತಲಿಲ್ಲ, ಸುಮ್ನೆ ಮೇವು ತಿನ್ಕಂಡು ನಿಂತ್ಕತ್ತು. ಮೊದ್ಲೇ ಒಂದ್ಸಲ ನೋಡ್ಬೋದಾಗಿತ್ತು ಕನೇ. ಅಲೋ? ಯಶೋ, ಕೇಳುಸ್ತಾ?"

ಕೇಳಿಸಿತ್ತು. ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದಳು. ಗಂಡನ ಮೇಲೆ ಸಿಟ್ಟು ಬಂತು, ಅತ್ತೆಯ ಮೇಲೆ ಬಂತು. ಎಲ್ಲರಿಗಿಂತ ಹೆಚ್ಚಾಗಿ ಡೈರಿಯ ಮುಂದೆ ಕತ್ತು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದ ಹೆಂಗಸಿನ ಮೇಲೆ ಬಂತು. ಅವಳು ಮಂಚದ ಅಂಚಿಗೆ ಕೂತು ಅವ್ವನ ಎಡಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಅವ್ವ, ಅಸ ಅವ್ರ್ಗೂ ಆಲು ಕೊಡ್ತಂತೆ."

ಮಾರಮ್ಮ ನೋಡಿದಳು.

"ಬರ್ಬೋದಾಗಿತ್ತು ಕನವ್ವ ನಾನು. ಎಲ್ಲಾ ಭಾನ್ವಾರನೂ ಬರ್ಬೋದಾಗಿತ್ತು. ರಾತ್ರಿನೂ ಇದ್ದೋಗ್ಬೋದಾಗಿತ್ತು. ಬಯ್ಯವ್ವ. ಒಂದೇ ಒಂದ್ಸಲ ಬಯ್ಯಿ."

ಮಾರಮ್ಮನ ಕಣ್ಣು ಮಗಳ ಮುಖವನ್ನು ಬಿಟ್ಟು ಅಲುಗಲಿಲ್ಲ. ಒಳಗೆ ನಾಗಾರ್ಜುನನ ಹೆಂಡತಿ ಅನ್ನ ಬಸಿಯುತ್ತಿದ್ದಳು. ಯಶೋಧರಾ ಕಾಯುತ್ತ ಕೂತಳು.