ನಾನೇ ಹತ್ತಿದ್ದು

ಡೊಂಬಿವಲಿ ಸ್ಟೇಷನ್ನಿನ ಗರ್ದಿಯಲ್ಲಿ, ಆ ನೂಕುನುಗ್ಗಲಿನಲ್ಲಿ, ಲೋಕಲ್ ರೈಲು ಹತ್ತುವುದೆಂದರೆ ಅಕ್ಕನಿಗೆ ಜೀವಭಯ. ಠಾಣೆ ಊರಿನ ಒಂದು ಕ್ಯಾಂಟೀನಿನಲ್ಲಿ ನಮ್ಮಿಬ್ಬರಿಗೂ ಕೆಲಸ ಸಿಕ್ಕಾಗ, ಮೊದಲ ಕೆಲವು ದಿನ ನಾನೇ ಅವಳ ಬೆನ್ನಿಗೆ ಕೈಯಿಟ್ಟು ಒಳಗೆ ದೂಡುತ್ತಿದ್ದೆ. ಆಮೇಲೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೀಲವನ್ನು ಎದೆಗೆ ಅವಚಿಕೊಂಡು, ಬಾಗಿಲ ನಡುವಿನ ಕಂಬಕ್ಕೆ ಕೈಚಾಚುವುದನ್ನು ಕಲಿತಳು. ಒಳಗೆ ಹೋದೊಡನೆ ಕೆದರಿದ ಕೂದಲನ್ನು ಸರಿಮಾಡಿಕೊಳ್ಳುತ್ತಾ, "ನೋಡಿದ್ಯಾ ಮಾರಾಯ್ತಿ, ನಾನೇ ಹತ್ತಿದ್ದು!" ಎನ್ನುತ್ತಿದ್ದಳು. ದಿನವೂ ಅದೇ ಮಾತು, ಅದೇ ನಗು.

ಒಂದು ದಿನ ಹೆಂಗಸರ ಡಬ್ಬಿಯಲ್ಲಿ ಎಲ್ಲರೂ, "ದೀದಿ ತೋ ಪಕ್ಕೀ ಡೊಂಬಿವಲಿವಾಲಿ ಹೋ ಗಯೀ!" ಅಕ್ಕ ಈಗ ಪಕ್ಕಾ ಡೊಂಬಿವಲಿಯವಳೇ ಆಗಿಬಿಟ್ಟಳು ಎಂದು ಅವಳನ್ನು ಹೊಗಳಿದರು. ನನಗೆ ಹೊಟ್ಟೆಯುರಿಯಿತು.

"ಎಂಥದು ಹತ್ತುವುದು? ದಿನಾ ಹಿಂದಿನಿಂದ ದೂಡುವುದು ನಾನು," ಎಂದುಬಿಟ್ಟೆ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಮರುದಿನ ಗಾಡಿ ಬಂದಾಗ ಅವಳು ಕೈ ಮುಂದೆ ಚಾಚಲಿಲ್ಲ. "ನೀನು ಹೋಗು, ನಾನು ಮುಂದಿನದ್ರಲ್ಲಿ ಬರ್ತೇನೆ," ಎಂದಳು. ಬರಲಿಲ್ಲ. ಕೆಲವೇ ದಿನಗಳಲ್ಲಿ ಕೆಲಸವನ್ನೂ ಬಿಟ್ಟಳು.

ಅವಳ ಬೆನ್ನಿನಿಂದ ನಾನು ಕೈ ತೆಗೆದು ಎಷ್ಟೋ ತಿಂಗಳಾಗಿತ್ತು. ಅದೊಂದನ್ನು ಹೇಳಿದ್ದರೆ ಸಾಕಿತ್ತು. ಸಂಜೆ ನಾನು ಮನೆಗೆ ಬಂದೊಡನೆ ಅವಳು ನೀರು ಕೊಟ್ಟು, "ಗರ್ದಿ ಇತ್ತಾ?" ಎಂದು ಕೇಳುತ್ತಿದ್ದಳು.

"ತುಂಬಾ ಇತ್ತು. ನಿನ್ನ ಕೈಯಲ್ಲಿ ಆಗ್ತಿರಲಿಲ್ಲ," ಎನ್ನುತ್ತಿದ್ದೆ.